ಚಿತ್ರಕ್ಕಿಂತ ನಕಾಶೆಯೇ ಮೇಲು

ಜೋಸೆಫ್ ಐವ್ಸ್ ಅವರ ಅಮೆರಿಕದ ಕೊಲರಾಡೊ ನದಿ ಸಮೀಕ್ಷೆಯ ವರದಿಯಲ್ಲಿರುವ (1861) ಚಿತ್ರಗಳು ಸ್ಥಳವನ್ನು ಕಣ್ಣಿಗೆ ಕಟ್ಟುತ್ತವೆ ಎಂದು ಆ ಸಮೀಕ್ಷೆಯ ಕುರಿತ ಲೇಖನದಲ್ಲಿ ಲೇಖಕರು ಕೊಂಡಾಡಿದ್ದಾರೆ. ನನಗೇನೋ ಒಪ್ಪಿಗೆಯಿಲ್ಲ. ತಂಡದ ಚಿತ್ರಕಾರನೂ ನಕಾಶೆಗಾರನೂ ಆಗಿದ್ದ ಎಗ್ಲೋಫ್‌ಸ್ಟೈನ್ ಬರೆದ ಗ್ರ್ಯಾಂಡ್ ಕ್ಯಾನ್ಯನ್ ಚಿತ್ರವನ್ನೇ ನೋಡಿ: ಬಂಡೆಗೋಡೆಗಳು ನೆಟ್ಟಗೆ ಮೇಲೆದ್ದು ಆಕಾಶವನ್ನೇ ನುಂಗುವಂತಿವೆ. ಮೈಲಿಗಟ್ಟಲೆ ಅಗಲದ ಕಮರಿ ಅಲ್ಲಿ ಇಕ್ಕಟ್ಟಾದ ಓಣಿಯಾಗಿಬಿಟ್ಟಿದೆ! ಅದೇ ಮನುಷ್ಯನ ನಕಾಶೆ ಮಾತ್ರ ಬೇರೆಯೇ ಮಟ್ಟದ್ದು. ಒಂದು ಕಡೆಯಿಂದ ಬೆಳಕು ಬಿದ್ದಂತೆ ನೆರಳು ಕೊಟ್ಟು, ಪ್ರಸ್ಥಭೂಮಿ ಎಲ್ಲಿ ಕುಸಿಯುತ್ತದೆ, ಕಣಿವೆ ಎಲ್ಲಿ ಕವಲೊಡೆಯುತ್ತದೆ ಎಂಬುದನ್ನು ಸಣ್ಣ ಗೆರೆಗಳಲ್ಲೇ ತೋರಿಸಿದ್ದಾನೆ. ಬೆರಳಿನಿಂದ ಸವರಿದರೆ ಉಬ್ಬುತಗ್ಗು ಸಿಗಬಹುದೇನೋ ಅನ್ನಿಸುತ್ತದೆ.

ಇಷ್ಟೆಲ್ಲ ಕಂಡೂ ಐವ್ಸ್, ಲಾಭವಿಲ್ಲದ ಈ ಜಾಗಕ್ಕೆ ಬಿಳಿಯರು ಮತ್ತೆ ಬರಲಾರರು ಎಂದು ಬರೆದ. ಸೈನ್ಯದ ಎಂಜಿನಿಯರ್ ಅಲ್ಲವೇ, ಅವನು ಹುಡುಕುತ್ತಿದ್ದುದು ಸರಕು ಸಾಗಿಸುವ ದಾರಿ.

ಒಂದು ಆಕ್ಷೇಪಣೆ. 1858ರಲ್ಲಿ ತಂಡದ ‘ಎಕ್ಸ್‌ಪ್ಲೋರರ್’ ಉಗಿದೋಣಿ ಅದೇ ನದಿಯ ಬ್ಲ್ಯಾಕ್ ಕ್ಯಾನ್ಯನ್ ಬಳಿ ಬಂಡೆಗೆ ಬಡಿದ ಪ್ರಸಂಗಕ್ಕೆ ಲೇಖನದಲ್ಲಿ ಎರಡು ಪ್ಯಾರಾ ಮೀಸಲಾಗಿದೆ. ಆದರೆ ತಂಡಕ್ಕೆ ದಾರಿ ತೋರಿಸಿದ, ಅಲ್ಲಿನ ಮೊಹಾವೆ ಬುಡಕಟ್ಟಿನ ಮುಖಂಡ ಇರಟೇಬನ ಹೆಸರು ಒಂದು ಕಡೆಯೂ ಇಲ್ಲ. ಐವ್ಸ್‌ನ ವರದಿಯಲ್ಲೇ ಇರುವ ಹೆಸರದು. ದಯವಿಟ್ಟು ಸೇರಿಸಿ.