ಅರ್ಧ ಗೋವಾಕ್ಕೆ, ಅರ್ಧ ದೇಶಕ್ಕೆ

2025ರ ಏಪ್ರಿಲ್ 6ರ ರಾತ್ರಿ ಫತೋರ್ಡಾ ಕ್ರೀಡಾಂಗಣದಲ್ಲಿ, ಕಿತ್ತಳೆ ಜೆರ್ಸಿಗಳ ಮಧ್ಯೆ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಮಡಗಾಂವ್‌ಗೆ ಬಂದು ವರ್ಷಗಳೇ ಆದವು, ಆದರೆ ಎದುರಿಗೆ ಬೆಂಗಳೂರು ಎಫ್‌ಸಿ ಇದ್ದಾಗ ನಾನು ಯಾರ ಕಡೆ ಅನ್ನೋದು ಇನ್ನೂ ಇತ್ಯರ್ಥ ಆಗಿಲ್ಲ. ದೇಶದ ದೊಡ್ಡ ಫುಟ್ಬಾಲ್ ಲೀಗ್ ಆದ ಐಎಸ್‌ಎಲ್‌ನ ಸೆಮಿಫೈನಲ್‌ನ ಎರಡನೇ ಪಂದ್ಯ ಅದು. ಬೆಂಗಳೂರಿನಲ್ಲಿ 0–2 ಸೋತು ಬಂದಿದ್ದ ಗೋವಾ 88ನೇ ನಿಮಿಷದಲ್ಲಿ ಎರಡನೇ ಗೋಲು ಹೊಡೆದು ಎರಡೂ ಪಂದ್ಯದ ಒಟ್ಟು ಲೆಕ್ಕ ಸಮ ಮಾಡಿತು. ಎಕ್ಸ್‌ಟ್ರಾ ಟೈಮ್ ಗ್ಯಾರಂಟಿ ಅಂತ ಎಲ್ಲರೂ ಕುಣಿಯುತ್ತಿರುವಾಗಲೇ ಬೆಂಗಳೂರಿನ ಸುನಿಲ್ ಚೆಟ್ರಿ ತಲೆ ಕೊಟ್ಟು ಚೆಂಡನ್ನು ಒಳಗೆ ಹಾಕಿದರು. ಆ ದಿನದ ಪಂದ್ಯ ಗೆದ್ದೂ ಗೋವಾ ಹೊರಗೆ.

ಚೆಟ್ರಿ 2024ರ ಜೂನ್‌ನಲ್ಲಿ ಭಾರತ ತಂಡಕ್ಕೆ ವಿದಾಯ ಹೇಳಿದ್ದವರು. 2025ರ ಮಾರ್ಚ್‌ನಲ್ಲಿ ಅವರನ್ನು ವಾಪಸ್ ಕರೆದು ಆಡಿಸಿದ ಕೋಚ್ ಮನೋಲೊ ಮಾರ್ಕ್ವೆಜ್. ಆ ರಾತ್ರಿ ಅಂಗಳದ ಅಂಚಿನಲ್ಲಿ ನಿಂತು ಆ ಹೆಡರ್ ನೋಡಿದ ಗೋವಾ ಕೋಚ್ ಕೂಡ ಅವರೇ! ಶಿಲ್ಲಾಂಗ್‌ನಲ್ಲಿ ಭಾರತ ಬಾಂಗ್ಲಾದೇಶದ ಜೊತೆ ಆಡಿದ್ದು ಮಾರ್ಚ್ 25ಕ್ಕೆ, ಸೆಮಿಫೈನಲ್‌ನ ಮೊದಲ ಪಂದ್ಯ ಏಪ್ರಿಲ್ 2ಕ್ಕೆ. ಎಂಟು ದಿನದ ಹಿಂದೆ ಇವರದೇ ಆಟಗಾರನಾಗಿದ್ದ ಚೆಟ್ರಿ ಈಗ ಎದುರಾಳಿ.

ದೇಶದ ಫುಟ್ಬಾಲ್ ಫೆಡರೇಶನ್ ಎಐಎಫ್‌ಎಫ್ 2024ರ ಜುಲೈನಲ್ಲಿ ಮಾರ್ಕ್ವೆಜ್‌ಗೆ ಈ ಡಬಲ್ ಡ್ಯೂಟಿ ಕೊಟ್ಟಾಗಿನಿಂದ ನಾನು ಒಂದು ಮಜಾ ಗಮನಿಸುತ್ತಿದ್ದೆ. ಊರಿನ ಗೆಳೆಯರು ಫೋನ್ ಮಾಡಿದರೆ ಒಂದೇ ರಾಗ: "ನಿಮ್ಮ ಕೋಚು ಗೋವಾ ಹುಡುಗರನ್ನೇ ತುಂಬಿಸ್ತಾನೆ ಬಿಡೋ". ಇಲ್ಲಿ ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕೂರುವವರ ದೂರು ಪೂರಾ ಉಲ್ಟಾ. ದೆಹಲಿಯವರು ನಮ್ಮ ಕೋಚ್‌ನನ್ನು ಕಡ ತಗೊಂಡು ಹೋಗಿದ್ದಾರೆ, ವಾಪಸ್ ಕೊಡುವಾಗ ಸುಸ್ತಾದ ಮನುಷ್ಯನನ್ನು ಕೊಡ್ತಾರೆ ಅಂತ. ನಾವು ದೂರದಿಂದ ನೋಡಿ ಪಕ್ಷಪಾತ ಹುಡುಕುತ್ತೇವೆ, ಇವರಿಗೆ ಕ್ಲಬ್ ಅಂದರೆ ಮನೆ, ಮನೆಯ ಹಿರಿಯನನ್ನು ಬೇರೆಯವರ ಮದುವೆ ಓಡಾಟಕ್ಕೆ ಕರೆದೊಯ್ದ ಹಾಗೆ ಸಿಟ್ಟು. ಇಬ್ಬರೂ ಲೆಕ್ಕ ಹಾಕಿದ್ದು ಮಾತ್ರ ಸಮಯದ್ದು. ಒಬ್ಬ ಮನುಷ್ಯ, ಎರಡು ಕೆಲಸ, ಆಗುತ್ತಾ?

ಆಗುತ್ತೆ, ಆಗಿದೆ. ಗಸ್ ಹಿಡಿಂಕ್ 2005-06ರಲ್ಲಿ ನೆದರ್‌ಲೆಂಡ್ಸ್‌ನ ಐಂಡ್‌ಹೋವನ್ ಊರಿನ ಕ್ಲಬ್ ಪಿಎಸ್‌ವಿ ಮತ್ತು ಆಸ್ಟ್ರೇಲಿಯಾ ತಂಡ, ಎರಡನ್ನೂ ನಡೆಸಿದರು. ಪಿಎಸ್‌ವಿ ಲೀಗ್ ಗೆದ್ದಿತು, ಆಸ್ಟ್ರೇಲಿಯಾ ಉರುಗ್ವೆಯನ್ನು ಪೆನಾಲ್ಟಿಯಲ್ಲಿ ಸೋಲಿಸಿ 1974ರ ನಂತರ ಮೊದಲ ಸಲ ವಿಶ್ವಕಪ್‌ಗೆ ಹೋಯಿತು. ಅಲೆಕ್ಸ್ ಫರ್ಗ್ಯುಸನ್ ಅವರದ್ದು ಬೇರೆ ಕಥೆ. 1985ರ ಸೆಪ್ಟೆಂಬರ್‌ನಲ್ಲಿ ಕಾರ್ಡಿಫ್‌ನ ಪಂದ್ಯದಲ್ಲೇ ಸ್ಕಾಟ್ಲೆಂಡ್ ಕೋಚ್ ಜಾಕ್ ಸ್ಟೀನ್ ತೀರಿಕೊಂಡ ಮೇಲೆ, ಸಹಾಯಕನಾಗಿದ್ದ ಇವರು ತಮ್ಮ ಕ್ಲಬ್ ಅಬರ್ಡೀನ್ ಬಿಡದೆ ಸ್ಕಾಟ್ಲೆಂಡ್‌ನ ಹೊಣೆಯನ್ನೂ ಹೊತ್ತರು. ಆ ಸೀಸನ್ ಅಬರ್ಡೀನ್‌ಗೆ ಎರಡು ಕಪ್, ಸ್ಕಾಟ್ಲೆಂಡ್‌ಗೆ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಬರೀ ಒಂದು ಪಾಯಿಂಟ್.

ಹಿಡಿಂಕ್ ವಿಷಯವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಆಗಿನ ಆಸ್ಟ್ರೇಲಿಯಾದ ಮುಖ್ಯ ಆಟಗಾರರೆಲ್ಲ ಯುರೋಪಿನಲ್ಲೇ ಇದ್ದರು, ಕ್ಯೂಯೆಲ್ ಲಿವರ್‌ಪೂಲ್‌ನಲ್ಲಿ, ವಿಡುಕಾ, ಶ್ವಾರ್ಜರ್ ಮಿಡಲ್ಸ್‌ಬರೊದಲ್ಲಿ. ಸಿಡ್ನಿಯಲ್ಲಿ ಕೂರುವ ಕೋಚ್‌ಗಿಂತ ಐಂಡ್‌ಹೋವನ್‌ನಲ್ಲಿದ್ದ ಇವರೇ ಆಟಗಾರರಿಗೆ ಹತ್ತಿರ. ಆ ಆಟಗಾರರ ವಿರುದ್ಧ ವಾರವಾರ ತಂಡ ಇಳಿಸುವ ಪ್ರಸಂಗವೂ ಇಲ್ಲ. ಲೋಬನೋವ್ಸ್ಕಿ ಡೈನಮೊ ಕೀವ್ ಜೊತೆಗೆ ಸೋವಿಯತ್ ತಂಡ ನಡೆಸಿದ್ದು ಇನ್ನೊಂದು ದಾರಿ: ಕ್ಲಬ್ಬಿನ ಹುಡುಗರೇ ಅರ್ಧ ದೇಶದ ತಂಡ. ಬೆಳಿಗ್ಗೆ ಕಲಿಸಿದ್ದನ್ನೇ ಸಂಜೆ ಕಲಿಸಿದ ಹಾಗೆ.

ಮಾರ್ಕ್ವೆಜ್‌ಗೆ ಇವೆರಡೂ ಇರಲಿಲ್ಲ. ಅವರು ಭಾರತಕ್ಕೆ ಆರಿಸಬೇಕಾದ ಹೆಚ್ಚುಕಮ್ಮಿ ಎಲ್ಲರೂ ಆಡುವುದು ಒಂದೇ ಲೀಗ್‌ನಲ್ಲಿ, ಅದೇ ಲೀಗ್‌ನಲ್ಲಿ ಅವರದೂ ಒಂದು ತಂಡ. ಮೋಹನ್ ಬಾಗಾನ್‌ನ ವಿಂಗರ್‌ನನ್ನು ಭಾರತದ ಕ್ಯಾಂಪಿನಲ್ಲಿ ಬೆನ್ನು ತಟ್ಟಿ ಮುಂದಕ್ಕೆ ಕಳಿಸಬೇಕು, ವಾರ ಕಳೆದ ಮೇಲೆ ಅವನ ದೌರ್ಬಲ್ಯ ಹುಡುಕಿ ನಮ್ಮ ಬ್ಯಾಕ್‌ಗೆ ಹೇಳಿಕೊಡಬೇಕು. ಮಂಡಿ ನೋವಿದೆ ಅಂತ ಆ ಹುಡುಗ ರಾಷ್ಟ್ರೀಯ ಕೋಚ್ ಹತ್ತಿರ ಬಾಯಿ ಬಿಡುತ್ತಾನಾ? ನಾನಾಗಿದ್ದರೆ ಬಿಡುತ್ತಿರಲಿಲ್ಲ. ಮಾರ್ಕ್ವೆಜ್ ಮೋಸ ಮಾಡುವವರು ಅಂತ ಯಾರೂ ಹೇಳಬೇಕಾಗಿಲ್ಲ, ಅವರನ್ನು ಕೂರಿಸಿದ ಕುರ್ಚಿಯೇ ಹಾಗಿದೆ. ಇನ್ನೊಂದು, ದೇಶದ ಕೋಚ್‌ಗೆ ವರ್ಷದ ಹೆಚ್ಚಿನ ದಿನ ಇರುವ ಕೆಲಸ ಊರೂರು ಅಲೆದು ಬೇರೆಯವರ ಪಂದ್ಯ ನೋಡುವುದು. ಪಂದ್ಯದ ದಿನ ತಾನೇ ತಂಡ ಇಳಿಸುವವನು ಅದನ್ನೆಲ್ಲಾ ಹೆಚ್ಚಾಗಿ ಟಿವಿಯಲ್ಲೇ ನೋಡಬೇಕು.

ಕೊನೆಗೆ ಆಗಿದ್ದು ಇಷ್ಟು. ಗೋವಾ ಲೀಗ್‌ನಲ್ಲಿ ಎರಡನೇ ಸ್ಥಾನ, ಮೇ 3ಕ್ಕೆ ದೇಶದ ಕ್ಲಬ್‌ಗಳ ಸೂಪರ್ ಕಪ್ ಗೆಲುವು. ಭಾರತ ಎಂಟು ಪಂದ್ಯದಲ್ಲಿ ಗೆದ್ದಿದ್ದು ಒಂದು, ಮಾಲ್ಡೀವ್ಸ್ ಮೇಲೆ. ಏಷ್ಯಾ ಕಪ್ ಅರ್ಹತಾ ಸುತ್ತಿನಲ್ಲಿ ಬಾಂಗ್ಲಾದೇಶದ ಜೊತೆ ಡ್ರಾ, ಹಾಂಗ್‌ಕಾಂಗ್‌ನಲ್ಲಿ ಸೋಲು, ಎರಡು ಪಂದ್ಯಕ್ಕೆ ಒಂದು ಪಾಯಿಂಟ್. ಜುಲೈಗೆ ದೇಶದ ಕೆಲಸ ಬಿಟ್ಟರು, ಗೋವಾದಲ್ಲಿ ಉಳಿದರು. ಪಕ್ಕದ ಸೀಟಿನವರಿಗೆ ಹಬ್ಬ.

ಆಮೇಲೆ ಬಂದದ್ದು ಖಾಲಿದ್ ಜಮೀಲ್, ಆ ಸೂಪರ್ ಕಪ್ ಫೈನಲ್‌ನಲ್ಲಿ ಗೋವಾಕ್ಕೆ 0–3 ಸೋತ ಜಮ್ಶೆಡ್‌ಪುರದ ಕೋಚ್. ಈ ಸಲ ಪೂರ್ಣಾವಧಿ. ಊರಿನ ಗೆಳೆಯರಿಗೆ ಖುಷಿ, ನನಗೂ. ಅಕ್ಟೋಬರ್ 14ಕ್ಕೆ ಇದೇ ಫತೋರ್ಡಾದಲ್ಲಿ ಅದೇ ಅರ್ಹತಾ ಸುತ್ತಿನಲ್ಲಿ ಸಿಂಗಾಪುರದ ವಿರುದ್ಧ ಭಾರತದ ಚಾಂಗ್ಟೆ ಮೊದಲ ಗೋಲು ಹೊಡೆದಾಗ ಗಂಟಲು ಕಿತ್ತುಹೋಗುವ ಹಾಗೆ ಕೂಗಿದೆ, ಈ ಬಾರಿ ಯಾರ ಕಡೆ ಅನ್ನೋ ಗೊಂದಲವೂ ಇರಲಿಲ್ಲ. 1–2ರಲ್ಲಿ ಸೋತೆವು. 2027ರ ಏಷ್ಯಾ ಕಪ್ ಕೈತಪ್ಪಿತು.

ಗೇಟಿನ ಹತ್ತಿರ ಪಕ್ಕದ ಸೀಟಿನವರು ನನ್ನ ಭುಜ ತಟ್ಟಿ, ಪೂರ್ಣಾವಧಿ ಕೋಚ್ ಇದ್ದೂ ಹೀಗಾಯ್ತಲ್ಲ ಅಂತ ಕೆಣಕಿದರು. ಜಮೀಲ್ ಬರುವಷ್ಟರಲ್ಲಿ ಎರಡು ಪಂದ್ಯ ಮುಗಿದೇ ಹೋಗಿತ್ತಲ್ವಾ ಅಂದೆ. ಅವರು ನಕ್ಕು ಸ್ಕೂಟರ್ ಹುಡುಕಲು ಹೋದರು.