ನೀರು ಕೇಳಿದ್ರೆ ಸ್ಮಶಾನ ತೋರಿಸಿದ್ರು

ಕುಡಿಯೋಕೆ ನೀರು ಕೇಳಿದ್ದಕ್ಕೆ ಸ್ಮಶಾನದ ಕಡೆ ಕೈ ತೋರಿಸಿದ್ರು. ಹೋದ ಜುಲೈನಲ್ಲಿ ಫ್ರಾನ್ಸಿನ ಲ್ವಾರ್ ನದಿ ದಂಡೇಲಿ, ತೂರ್ ಪಟ್ಟಣ ಬಿಟ್ಟು ಸೊಮ್ಯೂರ್ ಕಡೆ ಸೈಕಲ್ ತುಳ್ಕೊಂಡು ಹೋಗ್ತಿದ್ದಾಗ ಆಗಿದ್ದು. ಸೋಮವಾರ ಮಧ್ಯಾಹ್ನ ಒಂದು ಗಂಟೆ, ಊರಿಗಿದ್ದ ಒಂದೇ ಬೇಕರಿ ಬಾಗಿಲು ಹಾಕಿತ್ತು, ಬೀದೀಲಿ ನರಪಿಳ್ಳೆ ಇಲ್ಲ, ನನ್ನ ಎರಡು ಬಾಟ್ಲಿನೂ ಖಾಲಿ. ಒಬ್ಬ ಅಜ್ಜ ಗೇಟಿನ ಹತ್ರ ಗುಲಾಬಿ ಗಿಡ ಸವರ್ತಾ ಇದ್ರು, ಬಾಟ್ಲಿ ಎತ್ತಿ ತೋರಿಸಿ ನೀರು ಅಂದೆ, ಅವ್ರು ಚರ್ಚಿನ ಹಿಂದಕ್ಕೆ ಬೆರಳು ಮಾಡಿ 'ಸಿಮೆತಿಯೇರ್' ಅಂದು ಮತ್ತೆ ಕತ್ತರಿ ಕೈಗೆ ತಗೊಂಡ್ರು.

ಆ ಕ್ಷಣ ಎದೆಗೆ ಚುಚ್ಚಿದಂಗಾಯ್ತು. ಮನೆ ಬಾಗಿಲಿಗೆ ಬಂದೋರು ಯಾರೇ ಆಗ್ಲಿ ಒಂದು ಚೊಂಬು ನೀರು ಕೊಟ್ಟು ಆಮೇಲೆ ಮಾತಾಡ್ಸೋ ಊರಲ್ಲಿ ಬೆಳೆದೋನು ನಾನು, ಇವ್ರ ಮನೆ ನಲ್ಲಿ ಹತ್ತು ಹೆಜ್ಜೆ ದೂರದಲ್ಲಿ ಕಾಣ್ತಾ ಇದೆ, ಆದ್ರೂ ಸ್ಮಶಾನಕ್ಕೆ ಹೋಗು ಅಂದ್ರಲ್ಲ ಅಂತ. ಬೇರೆ ದಾರಿ ಇಲ್ದೆ ಹೋದೆ. ಗೇಟು ತೆಗೆದೇ ಇತ್ತು, ಒಳಗೆ ಗೋಡೆ ಪಕ್ಕ ಒಂದು ನಲ್ಲಿ, ಅದರ ಪಕ್ಕ ಸಮಾಧಿ ಮೇಲಿನ ಹೂಗಿಡಕ್ಕೆ ನೀರು ಹಾಕೋ ಡಬ್ಬಗಳು, ಮತ್ತೆ ನನಗಿಂತ ಮೊದ್ಲೇ ಬಂದು ಬಾಟ್ಲಿ ತುಂಬ್ಕೋತಾ ಇದ್ದ ಇಬ್ರು ಸೈಕಲ್ಲಿನೋರು! ಆಮೇಲೆ ಗೊತ್ತಾಯ್ತು, ಫ್ರಾನ್ಸಲ್ಲಿ ಹಳ್ಳಿ ಸುತ್ತೋ ಸೈಕಲ್ಲಿನೋರಿಗೆಲ್ಲ ಇದು ಗೊತ್ತಿರೋ ವಿಷ್ಯವಂತೆ, ಅಂಗಡಿ ಮುಚ್ಚಿದ್ರೂ ಸ್ಮಶಾನದ ನಲ್ಲೀಲಿ ನೀರು ಸಿಗುತ್ತೆ, ಕುಡಿಯೋಕೆ ಆಗಲ್ಲ ಅನ್ನೋ ಬೋರ್ಡ್ ಇದ್ಯಾ ಅಂತ ಒಂದ್ಸಲ ನೋಡ್ಕೋಬೇಕು ಅಷ್ಟೇ. ನಾನು ವಾಪಸ್ ಬರುವಾಗ ಆ ಅಜ್ಜ ಇನ್ನೂ ಗೇಟಲ್ಲೇ ನಿಂತಿದ್ರು. ತುಂಬಿದ ಬಾಟ್ಲಿ ನೋಡಿ ತಲೆ ಆಡಿಸಿ ಒಳಗೆ ಹೋದ್ರು.

ಅವತ್ತಿಂದ ಉಳಿದ ದಾರಿ ಪೂರ್ತಿ ಇದೊಂದೇ ಯೋಚ್ನೆ ನಂದು.

ನಾನಿರೋದು ನಾಂತ್ ಊರಲ್ಲಿ, ಇದೇ ಲ್ವಾರ್ ನದಿ ಸಮುದ್ರ ಸೇರೋಕೆ ಸ್ವಲ್ಪ ಮುಂಚೆ ಸಿಗೋ ಊರು. ನದಿ ಪಕ್ಕದಲ್ಲಿ ನೆವೇರ್ ಹತ್ರದಿಂದ ಶುರುವಾಗಿ ಸಮುದ್ರದ ದಡದ ಸೇಂ ಬ್ರೆವಾಂ ತನಕ 900 ಕಿಲೋಮೀಟರ್ ಆಸುಪಾಸು ಸೈಕಲ್ ದಾರಿ ಇದೆ, ಲ್ವಾರ್ ಆ ವೆಲೊ ಅಂತ ಹೆಸ್ರು. ಅಟ್ಲಾಂಟಿಕ್ಕಿಂದ ಕಪ್ಪು ಸಮುದ್ರದ ತನಕ ಹೋಗೋ ಯೂರೋವೆಲೊ 6 ದಾರಿಯಲ್ಲಿ ಇದೂ ಒಂದು ತುಂಡು. ನಾನು ಓರ್ಲೆಆಂ ತನಕ ಟ್ರೈನಲ್ಲಿ ಹೋಗಿ ಅಲ್ಲಿಂದ ಮನೆ ಕಡೆ ತುಳಿದೆ, ಬೇಸಿಗೇಲಿ ಆ ಲೈನಿನ ಟ್ರೈನಿಗೆ ಸೈಕಲ್ಲಿಗೇ ಅಂತ ಜಾಗ ಬಿಟ್ಟಿರ್ತಾರೆ. ಎಲ್ರೂ ಅಲ್ಲಿಗೆ ಹೋಗೋದು ಅರಮನೆ ನೋಡೋಕೆ, ಶಾಂಬೋರ್, ಅಂಬ್ವಾಸ್, ವಿಲ್ಲಾಂದ್ರಿ. ನೋಡ್ದೆ, ಚೆನ್ನಾಗಿವೆ. ನನ್ನ ಹಿಡ್ಕೊಂಡಿದ್ದು ಮಾತ್ರ ಏರಿ.

ಹೌದು, ಏರಿ. ಅವ್ರು ಲೆವೆ ಅಂತಾರೆ, ಆದ್ರೆ ಅದು ನಮ್ಮ ಏರೀನೇ, ಪ್ರವಾಹ ತಡೆಯೋಕೆ ನೂರಾರು ವರ್ಷದಿಂದ ಮಣ್ಣು ಕಲ್ಲು ಪೇರಿಸಿ ಎತ್ತರಿಸಿಕೊಂಡು ಬಂದಿರೋದು, 12ನೇ ಶತಮಾನದಲ್ಲೇ ಶುರು ಮಾಡಿದ್ರಂತೆ. ಹಳ್ಳಿ ಗೋಡೆಗಳ ಮೇಲೆ 1846, 1856, 1866 ಅಂತ ಗೆರೆ ಕೊರೆದಿದ್ದಾರೆ, ನೀರು ಎಲ್ಲಿ ತನಕ ಬಂದಿತ್ತು ಅಂತ, ಕೆಲವು ನನ್ನ ತಲೆಗಿಂತ ಮೇಲಿವೆ. ಏರಿ ಮೇಲೆ ಹೋಗ್ತಿದ್ರೆ ಒಂದು ಕಡೆ ಅಗಲವಾದ ನದಿ, ಮಧ್ಯ ಮಧ್ಯ ಮರಳು ದಿಬ್ಬ, ಅದರ ಮೇಲೆ ಮೊಟ್ಟೆ ಇಡೋ ರೀವ ಹಕ್ಕಿಗಳು. ಇನ್ನೊಂದು ಕಡೆ ತಗ್ಗಲ್ಲಿ ಹೊಲ, ತೋಟ, ಬಿಳೀ ಕಲ್ಲಿನ ಮನೆ. ಕಣ್ಣು ಸ್ವಲ್ಪ ಕಿರಿದು ಮಾಡಿದ್ರೆ ನಾನು ಪಾಂಡವಪುರದ ಕಡೆ ವಿ.ಸಿ. ನಾಲೆ, ಅಂದ್ರೆ ವಿಶ್ವೇಶ್ವರಯ್ಯ ನಾಲೆ, ಏರಿ ಮೇಲೆ ಹೈಸ್ಕೂಲಿಗೆ ಹೋಗ್ತಿದ್ದೀನಿ ಅನ್ಸೋದು, ಕಬ್ಬಿನ ಬದ್ಲು ದ್ರಾಕ್ಷಿ.

ನಮ್ಮ ನಾಲೆ ಏರಿ ಮೇಲೆ ನಂಗೆ ಯಾವತ್ತೂ ನೀರಿನ ಚಿಂತೆ ಬಂದಿಲ್ಲ. ಪಂಕ್ಚರ್ ಆಗಿ ತಳ್ಕೊಂಡು ಹೋಗ್ತಿದ್ರೆ ಆಲೆಮನೆಯೋರು ಕೂಗಿ ಕರೆಯೋರು, ಒಂದು ಲೋಟ ಕಬ್ಬಿನ ಹಾಲು, ಕೊಪ್ಪರಿಗೆಯಿಂದ ಆಗ ತಾನೆ ತೆಗೆದ ಬಿಸಿ ಬೆಲ್ಲ ಎಲೆ ಮೇಲೆ, ಯಾರ ಮಗ, ಯಾವ ಬೀದಿ ಅಂತ ವಿಚಾರಣೆ. ಈ ನೆನಪು ಇಟ್ಕೊಂಡೇ ನಾನು ಹನ್ನೊಂದು ವರ್ಷದಿಂದ ಇಲ್ಲಿ ಬೆನ್ನು ತಿರುಗಿಸೋ ಜನನ್ನ ಅಳೀತಾ ಬಂದಿದ್ದೀನಿ.

ಆದ್ರೆ ಸೊಮ್ಯೂರ್‌ಗೆ ಮುಂಚೆ ಉಳ್ಕೊಂಡ ಮನೇಲಿ ಎಪ್ಪತ್ತು ದಾಟಿರೋ ಇಬ್ರು ಅಕ್ಕತಂಗೀರು ಸಿಕ್ಕಿದ್ರು, ಇಬ್ರೇ, ಸೈಕಲ್ಲಿಗೆ ಚೀಲ ಕಟ್ಕೊಂಡು ಹತ್ತು ದಿನದಿಂದ ಬರ್ತಾ ಇದ್ರು. ದಾರೀಲಿ ಯಾರನ್ನೂ ಏನೂ ಕೇಳೋ ಪ್ರಸಂಗ ಬರ್ಲಿಲ್ಲ ಅಂದ್ರು. ನಿಜ, ಯಾಕೆ ಬರುತ್ತೆ? ತಿರುವಿಗೊಂದು ಬೋರ್ಡು, ಅಕೇಯ್ ವೆಲೊ, ಅಂದ್ರೆ ಸೈಕಲ್ಲಿಗೆ ಸ್ವಾಗತ, ಅಂತ ಬಿಲ್ಲೆ ಹಾಕಿರೋ ಲಾಡ್ಜು. ಆ ಬಿಲ್ಲೆ ಬೇಕು ಅಂದ್ರೆ ದಾರಿಯಿಂದ ಐದು ಕಿಲೋಮೀಟರ್ ಒಳಗಿರ್ಬೇಕು, ರಾತ್ರಿ ಸೈಕಲ್ ಇಡೋಕೆ ಬೀಗ ಹಾಕೋ ಜಾಗ, ರಿಪೇರಿ ಸಾಮಾನು ಕೊಡ್ಬೇಕು ಅನ್ನೋ ನಿಯಮ ಇದೆ. ಅವ್ರ ಮಾತು ಕೇಳ್ತಾ ನಂಗೆ ನನ್ನ ತಂಗಿ ನೆನಪಾದ್ಲು.

ಅವಳಿಗೆ ಎಂಟನೇ ಕ್ಲಾಸಲ್ಲಿ ಸರ್ಕಾರದ ಸೈಕಲ್ ಬಂತು, 2006-07ರಲ್ಲಿ ಆ ಯೋಜನೆ ಶುರುವಾದ ಹೊಸ್ದು. ಬಂದ ದಿನ ಕುಂಕುಮ ಇಟ್ಟು ಹೂವು ಹಾಕಿ ಪೂಜೆ ಮಾಡಿದ್ವಿ. ಒಂದು ತಿಂಗಳು ಓಡಿಸಿದ್ಲೋ ಇಲ್ವೋ, ನಾಲೆ ಏರಿ ಮೇಲೆ ಹೆಣ್ಮಗಳು ಒಬ್ಳೇ ಹೋಗೋದು ಬೇಡ ಅಂತ ಅಪ್ಪ ನಿಲ್ಲಿಸಿದ್ರು, ಬಸ್ಸಿಗೆ ಹಾಕಿದ್ರು. ಸೈಕಲ್ ದನದ ಕೊಟ್ಟಿಗೇಲಿ ತುಕ್ಕು ಹಿಡೀತು. ನನ್ನ ಕೂಗಿ ಕರೆದು ಬೆಲ್ಲ ಕೊಟ್ಟ ಅದೇ ಏರಿ ಅವಳಿಗೆ ಭಯದ ದಾರಿ! ನಮ್ಮ ಆದರ, ನಮ್ಮ ಒಳ್ಳೆತನ ಅಂತ ನಾನು ಹೇಳ್ಕೊಂಡು ತಿರುಗಿದ್ದು ಕೇಳೋನು ಯಾರು ಅನ್ನೋದ್ರ ಮೇಲೆ ನಿಂತಿತ್ತು, ಗಂಡು, ಊರಿನೋನು, ಯಾರ ಮಗ ಅಂತ ಕೇಳಿದ್ರೆ ಹೇಳೋಕೆ ಒಂದು ಹೆಸರಿರೋನು. ಯಾವ ಜಾತಿ ಅಂತ ಬಾಯಿ ಬಿಟ್ಟು ಕೇಳ್ದೇ ಇದ್ರೂ ಯಾವ ಬೀದಿ ಅಂತ ಕೇಳಿದ್ರಲ್ಲ, ಅದಕ್ಕೆ ಅರ್ಥ ಏನು ಅಂತ ನಮಗೆಲ್ಲ ಗೊತ್ತು, ಬೇರೆ ಬೀದಿ ಹೆಸರು ಹೇಳಿದ್ರೆ ಅದೇ ಲೋಟ ಸಿಗ್ತಿತ್ತಾ ಅಂತ ನಾನು ಈ ವಯಸ್ಸಲ್ಲಿ ಮೊದಲನೇ ಸಲ ಯೋಚಿಸ್ದೆ. ಸ್ಮಶಾನದ ನಲ್ಲಿ ನನ್ನ ಏನೂ ಕೇಳ್ಲಿಲ್ಲ.

ಇಂಥ ದಾರಿ ಮಾಡೋಕೆ ನಮಗೆ ಕಷ್ಟ ಏನು ಹೇಳಿ? ಕನ್ನಂಬಾಡಿಯಿಂದ ಹೊರಟ ನಾಲೆಗೆ ಹೆಚ್ಚು ಕಡೆ ಏರಿ ದಾರಿ ಆಗ್ಲೇ ಇದೆ, ಏರಿಳಿತ ಇಲ್ಲ, ಎಷ್ಟೋ ಕಡೆ ನೆರಳಿದೆ, ಸುತ್ತಮುತ್ತ ಮೇಲುಕೋಟೆ, ಶ್ರೀರಂಗಪಟ್ಟಣ, ರಂಗನತಿಟ್ಟು, ಒಂದು ವಾರಕ್ಕಾಗುವಷ್ಟು ಇದೆ. ಮೈಸೂರಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಅನ್ನೋ ಬಾಡಿಗೆ ಸೈಕಲ್ ಯೋಜನೆ ಶುರು ಮಾಡಿದಾಗ ಜನ ಸೈಕಲ್ ಹತ್ತಿದ್ರಲ್ಲ. ಬೇಕಾಗಿರೋದು ಬೋರ್ಡು, ಹಳ್ಳಿಗೊಂದು ಬೀಗ ಹಾಕದ ನಲ್ಲಿ, ನೀರಿನ ಕಡೆಗೆ ತಡೆಗೋಡೆ. 2018ರಲ್ಲಿ ಕನಗನಮರಡಿ ಹತ್ರ ಬಸ್ಸು ನಾಲೆಗೆ ಬಿದ್ದು ಶಾಲೆ ಮಕ್ಕಳೂ ಸೇರಿ 30 ಜನ ಹೋದ್ರು, ಆ ನೀರಿನ ಪಕ್ಕ ಮಕ್ಕಳು ಸೈಕಲ್ ಹೊಡೀಬೇಕು ಅಂದ್ರೆ ತಡೆಗೋಡೆ ಬೇಡ್ವಾ? ಸೈಕಲ್ ಕೊಟ್ಟ ಸರ್ಕಾರ ದಾರೀನೂ ಕೊಡ್ಬೇಕಿತ್ತು. ಇದನ್ನ ಬರೆಯುವಾಗ ಈಗ್ಲೂ ಸಿಟ್ಟು ಬರುತ್ತೆ ನಂಗೆ.

ಅಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಸಮುದ್ರದ ಕಡೆ ಹೋಗೋರಿಗೆ ಎದುರುಗಾಳಿ ಜೀವ ತೆಗೆಯುತ್ತೆ, ಶಿನೋಂ ಅಣುಸ್ಥಾವರದ ಹಬೆಮೋಡ ನೋಡ್ಕೊಂಡು ಸುಮಾರು ದೂರ ಹೋಗ್ಬೇಕು, ಸೋಮವಾರ ಹಸಿವಾದ್ರೆ ಚೀಲದಲ್ಲಿರೋದೇ ಗತಿ. ಸೊಮ್ಯೂರ್ ಕಡೆ ಫುಎ ಅಂತ ಒಂದು ಬ್ರೆಡ್ಡು ಮಾಡ್ತಾರೆ, ಒಲೇಲಿ ಪೂರಿ ಹಂಗೆ ಉಬ್ಬುತ್ತೆ, ಒಳಗೆ ಬೇಯಿಸಿದ ಬಿಳೀ ಕಾಳು ತುಂಬ್ಕೊಂಡು ತಿನ್ನೋದು, ಆರು ದಿನದಲ್ಲಿ ಹೊಟ್ಟೆ ತುಂಬ ತಿಂದೆ ಅನ್ಸಿದ್ದು ಅದೊಂದೇ ಸಲ.

ಕಾಂದ್ ಸೇಂ ಮಾರ್ತಾಂ ಅನ್ನೋ ಊರಲ್ಲಿ ವಿಯೆನ್ ನದಿ ಬಂದು ಲ್ವಾರ್‌ಗೆ ಸೇರುತ್ತೆ. 397ರಲ್ಲಿ ಸಂತ ಮಾರ್ಟಿನ್ ತೀರಿಕೊಂಡಿದ್ದು ಅಲ್ಲೇ, ಚಳೀಲಿ ನಡುಗ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿ ಕತ್ತರಿಸಿ ಅರ್ಧ ಕೊಟ್ಟ ಅಂತ ಕಥೆ. ಅಲ್ಲಿ ಕೂತು ಎರಡು ನೀರು ಬೆರೆಯೋದು ನೋಡ್ತಾ ಅವ್ವನಿಗೆ ವಿಡಿಯೋ ಕಾಲ್ ಮಾಡ್ದೆ, ನಮ್ಮ ಸಂಗಮದ ಥರಾನೇ ಇದೆ ನೋಡವ್ವ ಅಂದೆ. ಏರಿ ತೋರಿಸ್ದೆ, ಬೋರ್ಡು ತೋರಿಸ್ದೆ, ಇಬ್ರು ಅಜ್ಜೀರ ವಿಷ್ಯ ಹೇಳ್ದೆ, ತಂಗಿ ಸೈಕಲ್ಲಿನ ವಿಷ್ಯಾನೂ ಎತ್ತಿದೆ, ಅದಕ್ಕೆ ಅವ್ವ ಏನೂ ಅನ್ಲಿಲ್ಲ. ಎಲ್ಲ ಕೇಳಿ ಆದ್ಮೇಲೆ, "ರಾತ್ರಿ ಯಾರ ಮನೇಲಿ ಉಂಡ್ಯಪ್ಪ?" ಅಂದ್ಲು.

ಯಾರ ಮನೇಲೂ ಇಲ್ಲ, ದುಡ್ಡು ಕೊಟ್ಟು ತಿಂದೆ ಅಂದೆ.

"ಅಷ್ಟು ದಿನದಿಂದ ತಿರುಗ್ತಿದ್ದೀಯ, ಒಬ್ರಾದ್ರೂ ಬಾ ಅಂತ ಒಳಕ್ಕೆ ಕರೀಲಿಲ್ವಾ?"

ಕರೀಲಿಲ್ಲ ಅಂತ ಹೇಳೋಕೆ ಮನಸ್ಸಾಗ್ಲಿಲ್ಲ, ಆ ಏರಿನ ಬಿಟ್ಟುಕೊಡೋಕೂ ಮನಸ್ಸಿರ್ಲಿಲ್ಲ. ಗಾಳಿ ಜೋರಿದೆ, ಸರಿಯಾಗಿ ಕೇಳಿಸ್ತಿಲ್ಲ ಅವ್ವ, ರಾತ್ರಿ ಮಾಡ್ತೀನಿ ಅಂದೆ.