ಬುದ್ಧನ ಕಥೆಯೊಳಗೆ ಬಚ್ಚಿಟ್ಟುಕೊಂಡಿದ್ದ ಅರಿಕೆ

ಹಳೆಯ ಕ್ರೈಸ್ತ ಪುಸ್ತಕ ಯಾವುದೋ ಪೂರ್ತಿ ಸಿಕ್ಕಿಲ್ಲ ಅಂದರೆ ಸಾಕು, "ಚರ್ಚಿನವರೇ ಸುಟ್ಟಿದ್ದು" ಅಂತ ಒಬ್ಬರಾದರೂ ಹೇಳುತ್ತಾರೆ. ಸುಟ್ಟೇ ಇಲ್ಲ ಅಂತಲ್ಲ. ಗ್ರೀಕ್ ತತ್ವಜ್ಞಾನಿ ಪೋರ್ಫಿರಿ ಕ್ರೈಸ್ತರ ವಿರುದ್ಧ ಬರೆದದ್ದನ್ನು ಸುಡಿ ಅಂತ 448ರಲ್ಲಿ ರೋಮನ್ ಚಕ್ರವರ್ತಿಗಳೇ ಆಜ್ಞೆ ಹೊರಡಿಸಿದ್ದರು. ಆದರೆ ಕ್ರೈಸ್ತರ ಪರವಾಗಿ ಬರೆದ ಪುಸ್ತಕಗಳೂ ಕಾಣೆಯಾಗಿವೆಯಲ್ಲ, ಅದಕ್ಕೇನು ಹೇಳೋಣ?

ಕ್ವಾಡ್ರಾಟಸ್‌ನನ್ನೇ ನೋಡಿ. ಸುಮಾರು 125ರಲ್ಲಿ ರೋಮಿನ ಹೇಡ್ರಿಯನ್ ಚಕ್ರವರ್ತಿಗೆ ತನ್ನವರ, ಅಂದರೆ ಕ್ರೈಸ್ತರ, ಪರವಾಗಿ ವಾದಿಸಿ ಅರಿಕೆ ಬರೆದವನು. ಹತ್ತಿರ ಹತ್ತಿರ ಇನ್ನೂರು ವರ್ಷ ಆದಮೇಲೆ ಚರ್ಚಿನ ಇತಿಹಾಸ ಬರೆದ ಯುಸೀಬಿಯಸ್, ಆ ಪುಸ್ತಕ ತನ್ನ ಹತ್ತಿರವೂ ಇದೆ ಅನ್ನುತ್ತಾನೆ. ಇಟ್ಟುಕೊಂಡು ಅವನು ಎತ್ತಿ ಬರೆದದ್ದು ಒಂದೇ ಒಂದು ಪುಟ್ಟ ತುಂಡು. ಯೇಸು ವಾಸಿಮಾಡಿದವರು, ಸಾವಿನಿಂದ ಎಬ್ಬಿಸಿದವರು ಆಮೇಲೂ ಬಹಳ ಕಾಲ ಬದುಕಿದ್ದರು, ಕೆಲವರು ನಮ್ಮ ಕಾಲದವರೆಗೂ ಇದ್ದರು, ಅಷ್ಟೇ. ಹೆಸರಿಲ್ಲ, ಊರಿಲ್ಲ. ಇದನ್ನೇ ಪವಾಡಕ್ಕೆ ಸಾಕ್ಷಿ ಅಂತ ಹಿಡಿದು ವಾದಕ್ಕಿಳಿಯುವವರನ್ನು ಕಂಡರೆ ನನಗೆ ಕಿರಿಕಿರಿ. ಅದು ಯುಸೀಬಿಯಸ್ ಆರಿಸಿಕೊಂಡ ತುಂಡು. ಕ್ವಾಡ್ರಾಟಸ್‌ನ ಮುಖ್ಯ ಮಾತೂ ಅದೇ ಅಂತ ಯಾರು ಹೇಳಿದ್ದು?

ಇಂಥ ಅರಿಕೆಗಳೆಲ್ಲ ಸುಮ್ನೆ ಯಾರಿಗೂ ಬೇಡವಾಗಿ ಹೋದವು ಅಂತ ನನ್ನ ಲೆಕ್ಕ. ಚಕ್ರವರ್ತಿಯೇ ಕ್ರೈಸ್ತನಾದ ಮೇಲೆ, ಚಕ್ರವರ್ತಿಗೆ ಬರೆದ ಹಳೆ ಅರಿಕೆಯನ್ನು ಕೂತು ನಕಲು ಮಾಡುವವರು ಯಾರು? ಮೆಲಿಟೋ ಎಂಬ ಬಿಷಪ್ ಚಕ್ರವರ್ತಿ ಮಾರ್ಕಸ್ ಔರೇಲಿಯಸ್‌ಗೆ ಬರೆದದ್ದೂ ಚೂರುಗಳಲ್ಲೇ ಉಳಿದಿದೆ. ತಮಾಷೆ ಅಂದರೆ ಕ್ರೈಸ್ತರನ್ನು ಬೈದ ಸೆಲ್ಸಸ್‌ನ ಮಾತು ಇವರಿಬ್ಬರಿಗಿಂತ ಎಷ್ಟೋ ಜಾಸ್ತಿ ಸಿಗುತ್ತದೆ. ಖಂಡಿಸುವುದಕ್ಕೆಂದು ಕ್ರೈಸ್ತ ಪಂಡಿತ ಒರಿಜೆನ್ ಅದನ್ನು ಎತ್ತೆತ್ತಿ ಬರೆದಿದ್ದ!

ಎಲ್ಲಕ್ಕಿಂತ ಮಜವಾದದ್ದು ಅಥೆನ್ಸಿನ ಅರಿಸ್ಟೈಡೀಸ್‌ನ ಕಥೆ. ಇವನೂ ಚಕ್ರವರ್ತಿಗೆ ಅರಿಕೆ ಬರೆದ ಹಳೆ ಕಾಲದ ಕ್ರೈಸ್ತನೇ. ಅದರ ಒಂದು ಭಾಗವನ್ನು 1878ರಲ್ಲಿ ವೆನಿಸ್‌ನ ಆರ್ಮೇನಿಯನ್ ಸನ್ಯಾಸಿಗಳು ಅಚ್ಚು ಹಾಕಿಸಿದರು. ಅದು ಅಸಲಿಯಲ್ಲ ಅಂದುಬಿಟ್ಟ ಫ್ರೆಂಚ್ ವಿದ್ವಾಂಸ ರೆನಾನ್. 1889ರಲ್ಲಿ ಇಂಗ್ಲಿಷ್ ವಿದ್ವಾಂಸ ರೆಂಡೆಲ್ ಹ್ಯಾರಿಸ್‌ಗೆ ಸಿನಾಯ್ ಬೆಟ್ಟದ ಸೇಂಟ್ ಕ್ಯಾಥರೀನ್ ಮಠದಲ್ಲಿ ಸಿರಿಯಾಕ್ ಎಂಬ ಹಳೆ ಭಾಷೆಯಲ್ಲಿ ಅದರ ಅನುವಾದ ಸಿಕ್ಕಿತು. ಅದನ್ನು ಓದಿದ್ದ ಇನ್ನೊಬ್ಬ ವಿದ್ವಾಂಸ ಆರ್ಮಿಟೇಜ್ ರಾಬಿನ್ಸನ್‌ಗೆ ಮುಂದೆ ಬರ್ಲಾಂ ಮತ್ತು ಯೋಸಫಾತ ಎಂಬ ಸಂತರ ಹಳೆಯ ಗ್ರೀಕ್ ಕಥೆ ನೋಡುವಾಗ, ಅರೆ, ಇದೇ ಮಾತಲ್ವಾ ಅನ್ನಿಸಿತು.

ಆ ಕಥೆ ಬೇರೆ ಯಾರದೂ ಅಲ್ಲ, ಕ್ರೈಸ್ತ ವೇಷ ಹಾಕಿಕೊಂಡ ನಮ್ಮ ಬುದ್ಧನದು. ಭಾರತದ ರಾಜ, ಅರಮನೆಯಲ್ಲಿ ಕೂಡಿಟ್ಟ ಮಗ ಯೋಸಫಾತ, ಹೊರಗೆ ಬಂದಾಗ ಕಣ್ಣಿಗೆ ಬೀಳುವ ರೋಗಿ, ಮುದುಕ. ಮಗ ಕ್ರೈಸ್ತನಾದಾಗ ರಾಜ ಆಸ್ಥಾನದಲ್ಲಿ ವಾದ ಏರ್ಪಡಿಸುತ್ತಾನೆ. ಬೇಕಂತಲೇ ಸೋಲಲಿ ಅಂತ ನಾಖೋರ್ ಎಂಬವನಿಗೆ ಮಗನ ಗುರು ಬರ್ಲಾಂನ ವೇಷ ಹಾಕಿಸಿ ನಿಲ್ಲಿಸುತ್ತಾನೆ. ಅವನು ಬಾಯಿ ಬಿಟ್ಟರೆ ಬರುವುದು ಅರಿಸ್ಟೈಡೀಸ್‌ನ ಗ್ರೀಕ್ ಅರಿಕೆ! ಅಲ್ಲಲ್ಲಿ ಕತ್ತರಿ ಆಡಿಸಿದ್ದಾರೆ, ನಿಜ. ಆದರೆ ಕಳೆದೇಹೋಯಿತು ಅಂದುಕೊಂಡಿದ್ದನ್ನು ಜನ ಶತಮಾನಗಟ್ಟಲೆ ಓದುತ್ತಲೇ ಇದ್ದರು, ಬರೆದವನ ಹೆಸರಿರಲಿಲ್ಲ ಅಷ್ಟೇ.

ಹಾಗಾಗಿ ಕ್ವಾಡ್ರಾಟಸ್‌ನ ಉಳಿದ ಮಾತುಗಳನ್ನೂ ಹಳೆಯ ಸಂತರ ಕಥೆಗಳಲ್ಲೇ ಮೊದಲು ಹುಡುಕಬೇಕು ಅಂತೀನಿ ನಾನು.